ಬದಲಾವಣೆ ಮಾಡಿಸಿದ ಬೇಟೆ ರೈಫಲ್ ಮಾರುವಾಗ ಅದರ ಬೆಲೆ ಏನಾಗುತ್ತದೆ?

ಪ್ರಶ್ನೆ

ನನ್ನ ಬಳಿ .308 ವಿಂಚೆಸ್ಟರ್ ತೋಟಾ ಬಳಸುವ ರೆಮಿಂಗ್ಟನ್ 700 ರೈಫಲ್ ಇದೆ. ಕೊಂಡ ಮೇಲೆ ಅದನ್ನು ನನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡಿದ್ದೇನೆ. ಕಾರ್ಖಾನೆಯ ಟ್ರಿಗರ್ ತೆಗೆಸಿ, ಟಿಮ್ನಿ ಎಂಬ ಬೇರೆ ಕಂಪನಿಯ ಟ್ರಿಗರ್ ಹಾಕಿಸಿದ್ದೇನೆ. ಭುಜಕ್ಕಾನಿಸಿ ಹಿಡಿಯುವ ಮರದ ಸ್ಟಾಕಿನ ಬದಲು ಫೈಬರ್‌ಗ್ಲಾಸ್ ಸ್ಟಾಕ್ ಕೂರಿಸಿ, ರಿಸೀವರ್ (ನಳಿಗೆ ಸೇರುವ ಉಕ್ಕಿನ ಮೈ) ಕೂರುವ ಜಾಗಕ್ಕೆ ಎಪಾಕ್ಸಿ ಬೆಡ್ಡಿಂಗ್ (ಎಪಾಕ್ಸಿ ತುಂಬಿ ಅಲುಗದಂತೆ ಕೂರಿಸುವ ಕೆಲಸ) ಮಾಡಿಸಿದ್ದೇನೆ. ನಳಿಗೆಯ ತುದಿಗೆ ತಿರುಪು ಕೊರೆಸಿ, ಹಿಂದೊದೆತ ತಗ್ಗಿಸುವ ಮಜಲ್ ಬ್ರೇಕ್ ಹಾಕಿಸಿದ್ದೇನೆ. ಮೇಲೆ ಸ್ಕೋಪ್ ಕೂರಿಸುವ ಪಿಕಾಟಿನ್ನಿ ರೈಲು ಮತ್ತು ಒಳ್ಳೆಯ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಇವೆ. ಇವೆಲ್ಲಕ್ಕೂ ತಗಲಿದ ಖರ್ಚು ರೈಫಲಿನ ಮೂಲ ಬೆಲೆಯ ಅರ್ಧವನ್ನು ದಾಟಿದೆ. ತೆಗೆದ ಭಾಗಗಳನ್ನು ಎಸೆಯದೆ ಜೋಪಾನವಾಗಿ ಇಟ್ಟಿದ್ದೇನೆ. ಈಗ ಇದನ್ನು ಮಾರಬೇಕಾಗಿದೆ. ಇದ್ದಂತೆಯೇ ಮಾರುವುದು ಒಳ್ಳೆಯದೋ, ಮೂಲ ಸ್ಥಿತಿಗೆ ತಂದು ಮಾರುವುದು ಒಳ್ಳೆಯದೋ ಎಂಬುದನ್ನು ತಿಳಿದವರು ಹೇಳಬೇಕು.

ಜೊತೆಗೆ, 1964ಕ್ಕಿಂತ ಮೊದಲು ತಯಾರಾದ ವಿಂಚೆಸ್ಟರ್ ಮಾಡೆಲ್ 70 ರೈಫಲೊಂದು ಕೂಡ ನಮ್ಮ ಕುಟುಂಬದಲ್ಲಿದೆ. ಅದರ ಬ್ಲೂಯಿಂಗ್ (ಉಕ್ಕಿಗೆ ತುಕ್ಕು ಹಿಡಿಯದಂತೆ ಕೊಡುವ ನೀಲಿಗಪ್ಪು ಲೇಪ) ಅಲ್ಲಲ್ಲಿ ಸವೆದಿದೆ. ಹೊಸದಾಗಿ ಬ್ಲೂಯಿಂಗ್ ಮಾಡಿಸಿ, ಸ್ಟಾಕಿಗೆ ಪಾಲಿಶ್ ಕೊಟ್ಟು ಮಾರಿದರೆ ಹೆಚ್ಚಿನ ಬೆಲೆ ಬರುತ್ತದೆಯೇ?

ಉತ್ತರ 1

ಮೊದಲು ರೆಮಿಂಗ್ಟನ್ ವಿಷಯವನ್ನು ನೋಡೋಣ. ಮಾರ್ಪಾಡಿಗೆ ನೀವು ಎಷ್ಟು ಖರ್ಚು ಮಾಡಿದ್ದೀರಿ ಎಂಬುದು ಕೊಳ್ಳುವವನಿಗೆ ಮುಖ್ಯವಲ್ಲ. ಆ ಬದಲಾವಣೆ ತನಗೂ ಬೇಕೇ, ಬೇಡವಾದರೆ ತೆಗೆದುಹಾಕಲು ಸಾಧ್ಯವೇ ಎಂಬುದನ್ನಷ್ಟೇ ಅವನು ನೋಡುತ್ತಾನೆ. ನಿಮ್ಮ ಭುಜದ ಅಳತೆ, ನಿಮ್ಮ ಬೇಟೆಯ ನೆಲ ಮತ್ತು ನಿಮ್ಮ ರುಚಿಗೆ ಹೊಂದಿಸಿದ ರೈಫಲ್ ನಿಮಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಯೋ, ಬೇರೆಯವರಿಗೆ ಅಷ್ಟೇ ಕಡಿಮೆ ಒಪ್ಪುವ ಸಂಭವವಿದೆ. ಕೊಳ್ಳಬಲ್ಲವರ ಸಂಖ್ಯೆ ಕುಗ್ಗಿದಂತೆ ಬೆಲೆಯೂ ಕುಗ್ಗುತ್ತದೆ. ಆದ್ದರಿಂದ ಹಿಂದಿರುಗಿಸಬಹುದಾದ ಬದಲಾವಣೆ ಮತ್ತು ಹಿಂದಿರುಗಿಸಲಾಗದ ಬದಲಾವಣೆ ಎಂಬ ಭೇದವೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

ಸ್ಕೋಪನ್ನು ಬೇರೆಯಾಗಿಯೇ ಮಾರಿ. ಹೆಸರುವಾಸಿ ಕಂಪನಿಯ ಸ್ಕೋಪಿಗೆ ಅದರದೇ ಗಿರಾಕಿಗಳಿರುತ್ತಾರೆ, ಆದರೆ ರೈಫಲಿನ ಜೊತೆಗೆ ಕೊಟ್ಟಾಗ ಅದರ ಬೆಲೆಯನ್ನು ಯಾರೂ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರೈಲಿನದು ಸಣ್ಣ ವಿಷಯ, ಅದನ್ನು ರೈಫಲಿನೊಂದಿಗೇ ಬಿಡಬಹುದು.

ಟ್ರಿಗರ್ ವಿಷಯದಲ್ಲಿ ರೆಮಿಂಗ್ಟನ್ 700ರ ಸಂದರ್ಭ ಉಳಿದವಕ್ಕಿಂತ ಭಿನ್ನ. ಈ ಮಾದರಿಯ ಹಳೆಯ ವಾಕರ್ ಟ್ರಿಗರಿನ ಬಗ್ಗೆ, ಅದು ಎಳೆಯದೆಯೇ ಗುಂಡು ಹಾರಿಸುತ್ತದೆ ಎಂಬ ದೂರುಗಳು ಮತ್ತು ಮೊಕದ್ದಮೆಗಳು ಬಹುಕಾಲ ನಡೆದವು. ನಂತರ ಬಂದ ಎಕ್ಸ್-ಮಾರ್ಕ್ ಪ್ರೊ ಟ್ರಿಗರನ್ನು, 2006ರಿಂದ 2014ರ ಏಪ್ರಿಲ್‌ವರೆಗೆ ತಯಾರಾದ ರೈಫಲುಗಳಿಗೆ ಸಂಬಂಧಿಸಿದಂತೆ, ಕಂಪನಿಯೇ ಹಿಂದಕ್ಕೆ ಕರೆಸಿಕೊಂಡಿತು. ಇದನ್ನೆಲ್ಲ ಬಲ್ಲ ಗಿರಾಕಿಗೆ ಟಿಮ್ನಿ ಟ್ರಿಗರ್ ಇರುವುದು ನೆಮ್ಮದಿಯ ಸಂಗತಿಯಾದೀತು. ಆದರೆ ಅದನ್ನು ಎಷ್ಟು ಹಗುರಗೊಳಿಸಿದ್ದೀರಿ ಎಂಬುದು ಮುಖ್ಯ. ಬೇಟೆಯ ರೈಫಲಿಗೆ 3 ಪೌಂಡಿನ ಆಸುಪಾಸಿನ ಎಳೆತ ಸಾಕು. ಚಳಿಯಲ್ಲಿ ಕೈಗವಸು ಹಾಕಿಕೊಂಡು ಬಳಸುವ ಬಂದೂಕಿನ ಟ್ರಿಗರ್ ತೀರ ಹಗುರವಾಗಿದ್ದರೆ ಅನುಭವಿ ಬೇಟೆಗಾರನು ಅದನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಕೊಟ್ಟುಬಿಡುತ್ತಾನೆ. ಕಾರ್ಖಾನೆಯ ಟ್ರಿಗರನ್ನೇ ಮನೆಯಲ್ಲಿ ಉಜ್ಜಿ ನಯಗೊಳಿಸಿದ್ದರಂತೂ ಬೆಲೆಯ ಮಾತಿಗಿಂತ ಮೊದಲು ಸುರಕ್ಷತೆಯ ಪ್ರಶ್ನೆ ಎದುರಾಗುತ್ತಿತ್ತು. ನಿಮ್ಮದು ಆ ಬಗೆಯದಲ್ಲ.

ಸ್ಟಾಕಿನ ಬಗ್ಗೆ ನನ್ನ ಅಭಿಪ್ರಾಯವೆಂದರೆ, ಎರಡನ್ನೂ ಒಟ್ಟಿಗೆ ಕೊಡುವುದು. ಫೈಬರ್‌ಗ್ಲಾಸ್ ಸ್ಟಾಕನ್ನು ಬೇರೆಯಾಗಿ ಮಾರಬಹುದೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ, ಆದರೆ ಎಪಾಕ್ಸಿ ಬೆಡ್ಡಿಂಗ್ ನಿಮ್ಮ ರಿಸೀವರಿನ ಅಚ್ಚನ್ನೇ ಹೊತ್ತಿರುವುದರಿಂದ, ಅದೇ ಮಾದರಿಯ ಇನ್ನೊಂದು ರೈಫಲಿಗೂ ಅದು ಅಷ್ಟು ನಿಖರವಾಗಿ ಕೂರುವುದಿಲ್ಲ. ಬೆಡ್ಡಿಂಗಿನ ಪೂರ್ಣ ಪ್ರಯೋಜನ ಇರುವುದು ಈ ಜೋಡಿಯಲ್ಲಿ ಮಾತ್ರ.

ಉತ್ತರ 2

ಮಾಡೆಲ್ 70ರ ವಿಷಯಕ್ಕೆ ಉತ್ತರಿಸುತ್ತೇನೆ: ದಯವಿಟ್ಟು ಅದರ ಬ್ಲೂಯಿಂಗನ್ನು ಮುಟ್ಟಬೇಡಿ.

ಈ ಮಾದರಿ 1936ರಲ್ಲಿ ಮಾರುಕಟ್ಟೆಗೆ ಬಂದಿತು. 1964ರಲ್ಲಿ ಕಂಪನಿಯು ತಯಾರಿಕೆಯ ಖರ್ಚನ್ನು ತಗ್ಗಿಸುವುದಕ್ಕಾಗಿ ವಿನ್ಯಾಸವನ್ನೇ ಬದಲಿಸಿತು. ತೋಟಾದ ಅಂಚನ್ನು ಮೊದಲಿನಿಂದಲೂ ಹಿಡಿದುಕೊಂಡು ಸಾಗಿಸುವ, ಮೌಸರ್ ಮಾದರಿಯ ದೊಡ್ಡ ಉಗುರು ಹೋಯಿತು, ಸ್ಟಾಕಿನ ಮೇಲಿನ ಕೈಕೆತ್ತನೆಯ ಜಾಗಕ್ಕೆ ಒತ್ತಿ ಮೂಡಿಸಿದ ಗೀರುಗಳು ಬಂದವು. ಬೇಟೆಗಾರರ ಅಸಮಾಧಾನ ಎಷ್ಟಿತ್ತೆಂದರೆ, ಅಂದಿನಿಂದ '64ಕ್ಕೆ ಮೊದಲಿನದು' ಎಂಬುದೇ ಒಂದು ದರ್ಜೆಯ ಹೆಸರಾಗಿಬಿಟ್ಟಿತು. ಅಂಥ ರೈಫಲನ್ನು ಕೊಳ್ಳಲು ಬರುವವರಲ್ಲಿ ಸಂಗ್ರಾಹಕರೇ ಹೆಚ್ಚು, ಮತ್ತು ಸಂಗ್ರಾಹಕನು ಹಣ ಕೊಡುವುದು ಕಾರ್ಖಾನೆಯಿಂದ ಬಂದ ಮೇಲ್ಮೈಗೆ, ಅದು ಎಷ್ಟೇ ಸವೆದಿರಲಿ. ಹೊಸ ಬ್ಲೂಯಿಂಗ್ ಮಾಡುವ ಮೊದಲು ಉಕ್ಕನ್ನು ಉಜ್ಜಿ ಹೊಳಪು ಮಾಡಲೇಬೇಕಾಗುತ್ತದೆ; ಆಗ ಕೆತ್ತಿದ ಅಕ್ಷರಗಳ ಅಂಚುಗಳು ಮೊಂಡಾಗುತ್ತವೆ, ತಿರುಪಿನ ರಂಧ್ರಗಳ ಸುತ್ತ ಸಣ್ಣ ತಗ್ಗುಗಳು ಮೂಡುತ್ತವೆ. ಪಳಗಿದ ಕಣ್ಣಿಗೆ ಇದು ತಕ್ಷಣ ಕಾಣುತ್ತದೆ, ಮತ್ತು ಒಮ್ಮೆ ಹೋದ ಆ ಮೇಲ್ಮೈಯನ್ನು ಮರಳಿ ತರುವ ಉಪಾಯವಿಲ್ಲ. ಹಗುರವಾಗಿ ಎಣ್ಣೆ ಹಚ್ಚಿ, ಮೃದು ಬಟ್ಟೆಯಿಂದ ಒರೆಸಿದರೆ ಸಾಕು.

ರಂಧ್ರಗಳನ್ನೂ ಪರೀಕ್ಷಿಸಿ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾಡೆಲ್ 70ಗಳಲ್ಲಿ ರಿಸೀವರಿನ ಹಿಂಭಾಗಕ್ಕೆ ಸ್ಕೋಪಿನ ತಿರುಪು ರಂಧ್ರಗಳು ಕಾರ್ಖಾನೆಯಲ್ಲಿ ಕೊರೆದು ಬರುತ್ತಿರಲಿಲ್ಲ. ಆಮೇಲೆ ಯಾರೋ ಕೊರೆಸಿದ್ದರೆ ಬೆಲೆ ಗಣನೀಯವಾಗಿ ಇಳಿಯುತ್ತದೆ. ಸ್ಟಾಕಿನ ಹಿಂಬದಿಯನ್ನು ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿಸಿದ್ದರೂ ಹೀಗೆಯೇ, ಏಕೆಂದರೆ ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ.

ಹಳೆಯ ಸೇನಾ ರೈಫಲುಗಳ ಕಥೆಯೂ ಇದೇ. ಯುದ್ಧದ ನಂತರ ಮೌಸರ್ 98 ಮತ್ತು ಸ್ಪ್ರಿಂಗ್‌ಫೀಲ್ಡ್ 1903 ಅಗ್ಗವಾಗಿ ದೊರೆಯುತ್ತಿದ್ದಾಗ ಬಹಳ ಜನ ಅವುಗಳ ಮರವನ್ನು ಕೊಯ್ದು, ನಳಿಗೆಯನ್ನು ಗಿಡ್ಡಗೊಳಿಸಿ, ಬೇಟೆಯ ಬಂದೂಕಾಗಿ ಮಾಡಿಕೊಂಡರು. ಅಂದು ಅದು ಸಹಜವಾದ ಮಿತವ್ಯಯವೇ ಆಗಿತ್ತು. ಇಂದು ಯಾರೂ ಮುಟ್ಟದ, ಎಲ್ಲ ಭಾಗಗಳ ಕ್ರಮಸಂಖ್ಯೆಯೂ ಹೊಂದುವ ಮೌಸರಿಗೆ ಇರುವ ಬೆಲೆಯ ಹತ್ತಿರಕ್ಕೂ ಆ ಕತ್ತರಿಸಿದ ರೈಫಲುಗಳು ಸುಳಿಯುವುದಿಲ್ಲ. ಆದರೆ ಇದಕ್ಕೂ ಒಂದು ಅಪವಾದವಿದೆ: ಅದೇ ಸ್ಪ್ರಿಂಗ್‌ಫೀಲ್ಡನ್ನು ಗ್ರಿಫಿನ್ ಅಂಡ್ ಹೋವಿನಂಥ ಪ್ರಸಿದ್ಧ ಸಂಸ್ಥೆ ಮಾರ್ಪಡಿಸಿದ್ದರೆ ಮತ್ತು ಅದಕ್ಕೆ ದಾಖಲೆಯಿದ್ದರೆ, ಮಾರ್ಪಾಡೇ ಬೆಲೆಯನ್ನು ಏರಿಸುತ್ತದೆ. ಯಾರು ಮಾಡಿದರೆಂಬುದು ಏನು ಮಾಡಿದರೆಂಬುದಕ್ಕಿಂತ ಕಡಿಮೆಯ ಮಾತಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಮಾಡೆಲ್ 70 ಇದ್ದಂತೆಯೇ ಇರುತ್ತದೆ. ರೆಮಿಂಗ್ಟನ್ ವಿಷಯದಲ್ಲಿ ಒಂದು ಸಂದೇಹ ಉಳಿದಿದೆ. ಮಜಲ್ ಬ್ರೇಕನ್ನು ತೆಗೆಯಬಹುದು, ಆದರೆ ನಳಿಗೆಗೆ ಕೊರೆಸಿದ ತಿರುಪನ್ನು ತೆಗೆಯಲಾಗುವುದಿಲ್ಲ. ತಿರುಪಿನ ಭಾಗವನ್ನೇ ಕತ್ತರಿಸಿ, ತುದಿಯನ್ನು ಹೊಸದಾಗಿ ಕಡೆಸಿದರೆ ಮೂಲದಂತೆ ಕಾಣುತ್ತದೆಯಲ್ಲವೇ?

ಉತ್ತರ 3

ಕತ್ತರಿಸಬೇಡಿ. ಒಂದು ಬದಲಾವಣೆಯನ್ನು ಮುಚ್ಚಲು ಇನ್ನೊಂದನ್ನು ಮಾಡಿದಂತಾಗುತ್ತದೆ, ಮತ್ತು ನಳಿಗೆಯ ಉದ್ದ ಕಾರ್ಖಾನೆಯ ಅಳತೆಗೆ ಹೊಂದದಿದ್ದಾಗ ಕೊಳ್ಳುವವನು ಮೊದಲು ಕೇಳುವುದೇ ಅದರ ಕಾರಣವನ್ನು.

ಇದಲ್ಲದೆ, ತಿರುಪು ಇರುವ ನಳಿಗೆಯನ್ನು ಇಂದು ದೋಷವೆಂದು ನೋಡುವವರು ಕಡಿಮೆಯಾಗಿದ್ದಾರೆ. ಶಬ್ದಶಾಮಕದ ಬಳಕೆಗೆ ಅವಕಾಶವಿರುವ ದೇಶಗಳಲ್ಲಿ ಬೇಟೆಗಾರರು ಅಂಥ ನಳಿಗೆಯನ್ನೇ ಹುಡುಕುತ್ತಾರೆ. ಕಾರ್ಖಾನೆಗಳೂ ಈಗ ಹಲವು ಮಾದರಿಗಳನ್ನು ತಿರುಪಿನೊಂದಿಗೇ ಹೊರತರುತ್ತವೆ. ನಿಮ್ಮ ತಿರುಪು 5/8-24 (5/8 ಇಂಚು ವ್ಯಾಸ, ಇಂಚಿಗೆ 24 ಸುತ್ತು) ಅಳತೆಯದಾಗಿದ್ದರೆ .30 ವ್ಯಾಸದ ನಳಿಗೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಅದೇ, ಹಾಗಾಗಿ ಆತಂಕ ಬೇಡ. ಬ್ರೇಕನ್ನು ಮಾತ್ರ ತೆಗೆದಿಟ್ಟು, ತಿರುಪಿನ ರಕ್ಷಣೆಗಿರುವ ಮುಚ್ಚಳವನ್ನು ಹಾಕಿ ತೋರಿಸಿ. .308ರ ಹಿಂದೊದೆತ ಸಹಿಸಲಾಗದಷ್ಟು ಜೋರಾಗಿರುವುದಿಲ್ಲ, ಬ್ರೇಕಿನ ಸದ್ದಾದರೋ ಪಕ್ಕದಲ್ಲಿ ನಿಂತವರ ಕಿವಿಗೆ ದಂಡನೆ; .300 ವಿಂಚೆಸ್ಟರ್ ಮ್ಯಾಗ್ನಮ್ಮಿನಂಥ ರೈಫಲಾಗಿದ್ದರೆ ನಾನು ಬೇರೆಯೇ ಸಲಹೆ ಕೊಡುತ್ತಿದ್ದೆ. ಬ್ರೇಕ್ ತೆಗೆದಾಗ ಗುಂಡು ಬೀಳುವ ಜಾಗ ಬದಲಾಗಬಹುದು. ಆದ್ದರಿಂದ ಗುರಿಹಲಗೆಯ ಚಿತ್ರವನ್ನು ತೋರಿಸುವುದಾದರೆ, ಮಾರುವ ಸ್ಥಿತಿಯಲ್ಲಿಯೇ ಹೊಡೆದು ನೋಡಿದ ಚಿತ್ರವನ್ನು ತೋರಿಸಿ.

ಕಾನೂನಿನ ಕಡೆಯನ್ನು ಇಲ್ಲಿ ಯಾರೂ ಪ್ರಸ್ತಾಪಿಸಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಬ್ರಿಟನ್ನಿನಲ್ಲಿ ನಳಿಗೆಗೆ ಬದಲಾವಣೆ ಮಾಡಿದ ಬಂದೂಕನ್ನು ಮತ್ತೆ ಪ್ರೂಫ್ ಪರೀಕ್ಷೆಗೆ (ಹೆಚ್ಚಿನ ಒತ್ತಡದಲ್ಲಿ ಹಾರಿಸಿ ಬಲವನ್ನು ಖಚಿತಪಡಿಸುವ ಪರೀಕ್ಷೆ) ಒಳಪಡಿಸಿ ಮುದ್ರೆ ಹಾಕಿಸದೆ ಮಾರುವುದು ಅಪರಾಧ, ಮತ್ತು ತುದಿಗೆ ತಿರುಪು ಕೊರೆಯುವುದೂ ಅಂಥ ಬದಲಾವಣೆಯೇ. ಅಮೆರಿಕದಲ್ಲಿ ಅಂಥ ನಿಯಮವಿಲ್ಲ, ಆದರೆ ಅಲ್ಲಿ ರೈಫಲಿನ ನಳಿಗೆಯನ್ನು 16 ಇಂಚಿಗಿಂತ ಗಿಡ್ಡಗೊಳಿಸಿದರೆ ಅದು 1934ರ ರಾಷ್ಟ್ರೀಯ ಬಂದೂಕು ಕಾಯಿದೆಯ ವ್ಯಾಪ್ತಿಗೆ ಸೇರಿ, ನೋಂದಣಿಯಾಗದೆ ಇಟ್ಟುಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ನೀವು ಇರುವಲ್ಲಿಯ ನಿಯಮವನ್ನು ಮಾರುವ ಮುಂಚೆಯೇ ತಿಳಿದುಕೊಳ್ಳಿ.

ಅದೃಷ್ಟವಶಾತ್ ನೀವು ನಳಿಗೆಯೊಳಗೆ ತೋಟಾ ಕೂರುವ ಗುಂಡಿನ ಕೋಣೆಯನ್ನು ಮಾರ್ಪಡಿಸಿಲ್ಲ. .30-06 ರೈಫಲಿನ ಕೋಣೆಯನ್ನು ಆಕ್ಲಿ ಇಂಪ್ರೂವ್ಡ್ ಎಂಬ, ಹೆಚ್ಚು ಮದ್ದು ಹಿಡಿಯುವ ತೋಟಾದ ಆಕಾರಕ್ಕೆ ಹಿಗ್ಗಿಸಿದವರ ಪಾಡು ಇದಕ್ಕಿಂತ ಕಷ್ಟದ್ದು. ಅದರಲ್ಲಿ ಸಾಮಾನ್ಯ .30-06 ತೋಟಾವನ್ನೂ ಹಾರಿಸಬಹುದು, ನಿಜ, ಆದರೆ ಆ ಹೊಸ ಆಕಾರದ ಪೂರ್ಣ ಲಾಭ ಸಿಗುವುದು ಸ್ವತಃ ತೋಟಾ ತುಂಬಿಕೊಳ್ಳುವವರಿಗೆ ಮಾತ್ರ, ಗಿರಾಕಿಗಳೂ ಅವರಷ್ಟೇ ಉಳಿಯುತ್ತಾರೆ.

ಮಾರಾಟದ ಬರಹದಲ್ಲಿ ಯಾವ ಕೆಲಸವನ್ನು ಯಾರು ಮಾಡಿದರು ಎಂಬುದನ್ನು ನೇರವಾಗಿ ಬರೆಯಿರಿ. ಗನ್‌ಸ್ಮಿತ್ (ಬಂದೂಕು ಕೆಲಸಗಾರ) ಕೊಟ್ಟ ರಸೀದಿಗಳಿದ್ದರೆ ಅವನ್ನೂ ಜೊತೆಗಿಡಿ. ಕೊಳ್ಳುವವನು ಕೇಳುವ ಮೊದಲೇ ತಿರುಪಿನ ತುದಿಯ ಹತ್ತಿರದ ಚಿತ್ರ, ಸ್ಟಾಕಿನಿಂದ ಬಿಚ್ಚಿದಾಗ ಕಾಣುವ ಬೆಡ್ಡಿಂಗಿನ ಚಿತ್ರ ಮತ್ತು ಮೂಲ ಭಾಗಗಳನ್ನು ಒಟ್ಟಿಗೆ ಜೋಡಿಸಿಟ್ಟ ಚಿತ್ರವನ್ನು ಹಾಕಿಬಿಡಿ.