ಮಾರಿಷಸ್‌ಗೆ ಎರಡನೇ ಸಲ: ಈ ಸಾರಿ ಇತಿಹಾಸ ನೋಡ್ಬೇಕು, ಎಲ್ಲಿ ಉಳಿಯೋದು?

ಹಾಸನದ ಸೊಸೆ:
ಮದುವೆಯಾದ ಹೊಸದರಲ್ಲಿ ಹೋಗಿದ್ವಿ. ಗ್ರಾಂಡ್ ಬೇ ರೆಸಾರ್ಟು, ದೋಣಿ, ಫೋಟೊ, ಅಷ್ಟೇ. ಆಗಸ್ಟ್‌ನಲ್ಲಿ ಮಾವನವರನ್ನೂ ಕರ್ಕೊಂಡು ಹೊರಟಿದೀವಿ. ಹೈಸ್ಕೂಲಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಹಳೇ ಫೋಟೊ ನೋಡಿ, "ಮರಳು ನೋಡೋಕೆ ಮಲ್ಪೆ ಇರ್ಲಿಲ್ವೇನಮ್ಮಾ?" ಅಂದ್ರು. ಡಚ್ಚರು, ಫ್ರೆಂಚರು, ಇಂಗ್ಲಿಷರು ಸಾಲಾಗಿ ಬಂದ ಊರು, ನಮ್ಮವರು ಕಬ್ಬು ಕಡಿಯೋಕೆ ಹೋದ ಊರು, ಅದನ್ನ ತೋರಿಸಿ ಅಂತ ಪಟ್ಟು. ಮಂಡಿ ನೋವಿದೆ, ಬೆಟ್ಟ ಆಗಲ್ಲ. ಊಟ ಸಸ್ಯಾಹಾರ. ರಾಜಧಾನಿ ಪೋರ್ಟ್ ಲೂಯಿಯಲ್ಲಿ ಉಳಿಯೋದಾ, ಆಗ್ನೇಯ ಕರಾವಳಿಯ ಮಾಹೆಬೂರ್ಗ್‌ನಲ್ಲಾ? ನಮ್ಮ ಯಜಮಾನ್ರಿಗೆ ಮತ್ತೆ ಗ್ರಾಂಡ್ ಬೇನೇ ಬೇಕಂತೆ, ಅದನ್ನ ಲೆಕ್ಕಕ್ಕೆ ತಗೋಬೇಡಿ.

ಕಾತ್ರ್ ಬೋರ್ನ್ ಕನ್ನಡಿಗ:
ನಾನು ಇಲ್ಲೇ ಮಾರಿಷಸ್‌ನಲ್ಲಿ ಕೆಲಸದಲ್ಲಿರೋದು. ಮೇಷ್ಟ್ರಿಗೆ ಮಾಹೆಬೂರ್ಗೇ ಸರಿ. 1810ರ ಆಗಸ್ಟ್‌ನಲ್ಲಿ ಫ್ರೆಂಚರು ಇಂಗ್ಲಿಷ್ ಹಡಗುಗಳನ್ನ ಸೋಲಿಸಿದ್ದು ಅಲ್ಲಿನ ಕೊಲ್ಲಿಯಲ್ಲಿ. ಪ್ಯಾರಿಸ್ಸಿನ ವಿಜಯ ಕಮಾನಿನ ಮೇಲೆ ಈ ಕಾಳಗದ ಹೆಸರು ಕೆತ್ತಿದಾರೆ. ಗಾಯಗೊಂಡ ಎರಡೂ ಕಡೆಯ ನಾಯಕರು, ಫ್ರೆಂಚರ ಡುಪೆರೆ ಮತ್ತು ಇಂಗ್ಲಿಷರ ವಿಲೋಬಿ, ಒಂದೇ ಮನೆಯಲ್ಲಿ ಮಲಗಿ ಚಿಕಿತ್ಸೆ ಪಡೆದ್ರು. ಆ ಮನೆಯೇ ಈಗ ಮ್ಯೂಸಿಯಂ. ಡಿಸೆಂಬರ್ ಹೊತ್ತಿಗೆ ದ್ವೀಪ ಇಂಗ್ಲಿಷರ ಕೈಸೇರ್ತು, ಅದು ಬೇರೆ ಮಾತು. ಡಚ್ಚರ ಕಟ್ಟಡಗಳ ಅವಶೇಷ ಪಕ್ಕದ ವ್ಯೂ ಗ್ರಾಂಡ್ ಪೋರ್ಟ್‌ನಲ್ಲಿದೆ. ಆಗಸ್ಟ್ ಅಂದ್ರೆ ಇಲ್ಲಿ ಚಳಿಗಾಲ, ಆ ಕಡೆ ಕಡಲ ಗಾಳಿ ಜೋರು. ಮೇಷ್ಟ್ರಿಗೆ ಸ್ವೆಟರ್ ಇಟ್ಕೊಳ್ಳಿ.

ತೀರ್ಥಹಳ್ಳಿ ಅಲೆಮಾರಿ:
ಕಬ್ಬಿನ ಕಥೆ ಮಾತ್ರ ಪೋರ್ಟ್ ಲೂಯಿಯಲ್ಲೇ ನೋಡ್ಬೇಕು. ಮಾಹೆಬೂರ್ಗ್‌ನಿಂದ ಕಾರಲ್ಲಿ ಗಂಟೆ ಹೊತ್ತಿನ ದಾರಿ. ಭಾನುವಾರ ಹೋಗ್ಬೇಡಿ, ಊರೇ ಬಾಗಿಲು ಹಾಕಿರುತ್ತೆ. ಅಲ್ಲಿನ ಬಂದರಿನ ಆಪ್ರವಾಸಿ ಘಾಟ್‌ನಲ್ಲಿ 1834ರಿಂದ 1920ರವರೆಗೆ ಹೆಚ್ಚುಕಮ್ಮಿ 5 ಲಕ್ಷ ಕೂಲಿಗಳು ಬಂದಿಳಿದ್ರು. ಅವರು ಹತ್ತಿ ಬಂದ ಕಲ್ಲಿನ ಮೆಟ್ಟಿಲು ಹಾಗೇ ಇವೆ. ನೋಡೋಕೆ ಏನೂ ದೊಡ್ಡದಲ್ಲ, ನಮ್ಮೂರ ಕೆರೆ ಸೋಪಾನದಷ್ಟೇ. ಆದ್ರೆ ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ. ಗುಲಾಮಗಿರಿ ರದ್ದಾದಾಗ ಇಂಗ್ಲಿಷ್ ಸರ್ಕಾರ ಪರಿಹಾರ ಕೊಟ್ಟಿದ್ದು ತೋಟದ ಮಾಲೀಕರಿಗೆ, ಗುಲಾಮರಿಗಲ್ಲ. ಆ ಗುಲಾಮರ ಜಾಗಕ್ಕೇ ನಮ್ಮವರನ್ನ ತಂದಿದ್ದು. ಹತ್ತಿರದಲ್ಲೇ ಹಳೇ ಮಿಲಿಟರಿ ಆಸ್ಪತ್ರೆಯಲ್ಲಿ ಗುಲಾಮಗಿರಿಯ ಮ್ಯೂಸಿಯಮ್ಮೂ ಇದೆ, ಎರಡನ್ನೂ ಒಂದೇ ದಿನ ನೋಡಿ, ಆಗಲೇ ಕಥೆ ಕೂಡೋದು.

ಊಟಕ್ಕೆ ಚಿಂತೆ ಬೇಡ. ಬೀದಿ ಬದಿ ಧಾಲ್ ಪುರಿ ಸಿಗುತ್ತೆ: ಬೇಳೆ ಹೂರಣದ ತೆಳ್ಳನೆ ರೊಟ್ಟಿ, ಸಿಹಿ ಇಲ್ಲ, ಒಳಗೆ ಕಾಳಿನ ಸಾರು, ಟೊಮೇಟೊ ಗೊಜ್ಜು, ಚಟ್ನಿ. ಜೋಡಿಯಾಗಿ ಸುತ್ತಿ ಕಾಗದದಲ್ಲಿ ಕೊಡ್ತಾರೆ. ಖಾರ ಕಮ್ಮಿ ಹಾಕಿ ಅಂತ ಮೊದಲೇ ಹೇಳಿ.

ಹಾಸನದ ಸೊಸೆ:
ಇಬ್ಬರಿಗೂ ಥ್ಯಾಂಕ್ಸ್. ಮಾಹೆಬೂರ್ಗೇ ಗಟ್ಟಿ ಮಾಡ್ದೆ. ಬ್ಲೂ ಬೇ ಬೀಚ್ ಪಕ್ಕದಲ್ಲೇ ಇದೆ ಅಂದಿದ್ದಕ್ಕೆ ಯಜಮಾನ್ರೂ ಒಪ್ಪಿದ್ರು. ಮಾವನವರದು ಇನ್ನೊಂದು ಪ್ರಶ್ನೆ: ಓಡಿಹೋದ ಗುಲಾಮರು ಅಡಗಿದ್ದ ಲೆ ಮೋರ್ನ್ ಬೆಟ್ಟ ಹತ್ತದೆ ನೋಡ್ಬಹುದಾ? ಕೂಲಿಗಳಾಗಿ ಬಂದವರ ದಾಖಲೆ ಎಲ್ಲಿ ಸಿಗುತ್ತೆ?

ಕಾತ್ರ್ ಬೋರ್ನ್ ಕನ್ನಡಿಗ:
ಬೆಟ್ಟದ ಬುಡದಲ್ಲಿ ಸ್ಮಾರಕ ಇದೆ, ಸಮತಟ್ಟು ಜಾಗ. ಅಲ್ಲಿಂದ ಇಡೀ ಬಂಡೆ ಕಣ್ಣೆದುರೇ ಇರುತ್ತೆ. ದಾಖಲೆಗೆ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆ. ಪ್ರತಿ ಕೂಲಿಗೂ ಒಂದು ನಂಬರ್ ಕೊಟ್ಟು ಬರೆದಿಟ್ಟ ರಿಜಿಸ್ಟರ್‌ಗಳು ಅಲ್ಲಿವೆ, ಕೆಲವರ ಫೋಟೊನೂ ಇದೆ. ಸುಮ್ಮನೆ ಹೋಗಿ ನಿಲ್ಲಬೇಡಿ, ಏನು ನೋಡ್ಬೇಕು ಅಂತ ಮುಂಚೆನೇ ಮೇಲ್ ಮಾಡಿ ಕೇಳಿ.