ಶ್ನಾಪ್ಸೆನ್ ಆಟದಲ್ಲಿ ರಾಜ–ರಾಣಿ ಜೋಡಿಯನ್ನು ಯಾವಾಗ ಘೋಷಿಸಬೇಕು?

ಪ್ರಶ್ನೆ:
ಆಸ್ಟ್ರಿಯಾದಲ್ಲಿ ಇಬ್ಬರು 20 ಇಸ್ಪೀಟ್ ಎಲೆಗಳಿಂದ ಆಡುವ ಶ್ನಾಪ್ಸೆನ್‌ನಲ್ಲಿ ಒಂದೇ ಜಾತಿಯ ರಾಜ–ರಾಣಿ ಜೋಡಿಗೆ 20 ಅಂಕ, ಅದು ತುರುಫಿನದಾದರೆ (ಉಳಿದ ಜಾತಿಗಳನ್ನು ಹೊಡೆಯಬಲ್ಲ ಜಾತಿಯದಾದರೆ) 40 ಅಂಕ. ಎದುರಾಳಿ ಇಳಿಸಿದ ಎಲೆಯನ್ನು ತುರುಫಿನ ರಾಣಿಯಿಂದ ಹೊಡೆಯುವಾಗಲೇ ನಾನು ‘ನಲವತ್ತು’ ಎಂದರೆ ಅದು ಸಲ್ಲುತ್ತದೆಯೇ? ಫ್ರಾನ್ಸಿನ ಬೆಲೋಟ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲದಿರುವುದರಿಂದ ಈ ಸಂದೇಹ. ಇನ್ನೂ ಒಂದು ಸುತ್ತನ್ನೂ ಗೆಲ್ಲದವನು ಘೋಷಿಸಿದರೆ ಆ ಅಂಕಗಳ ಗತಿಯೇನು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಸಲ್ಲುವುದಿಲ್ಲ. ಜೋಡಿಯನ್ನು ಘೋಷಿಸುವ ಹಕ್ಕು ಆ ಸುತ್ತಿನ ಮೊದಲ ಎಲೆ ಇಳಿಸುವವನದು ಮಾತ್ರ. ಅವನು ಎರಡನ್ನೂ ತೋರಿಸಿ, ಅವುಗಳಲ್ಲಿ ಒಂದನ್ನು ಇಳಿಸಲೇಬೇಕು. ತುರುಫಿನ ಗುಲಾಮನನ್ನು ಕೊಟ್ಟು ಹಂಚದೆ ಉಳಿದ ಎಲೆಗಳ ಕಟ್ಟಿನಡಿ ತೆರೆದಿಟ್ಟ ತುರುಫನ್ನು ಎತ್ತಿಕೊಳ್ಳುವುದೂ, ಕಟ್ಟನ್ನು ಮುಚ್ಚುವುದೂ (ಅಂದರೆ ಅದರಿಂದ ಮುಂದೆ ಯಾರೂ ಎಲೆ ಎತ್ತದಂತೆ ಮಾಡುವುದೂ) ಅವನ ಹಕ್ಕುಗಳೇ, ಅವೂ ಎಲೆ ಇಳಿಸುವ ಮುನ್ನವೇ ಆಗಬೇಕು. ಸುತ್ತು ಗೆಲ್ಲುವ ಮೊದಲೇ ಘೋಷಿಸಿದ ಅಂಕಗಳು ಅಮಾನತಿನಲ್ಲಿರುತ್ತವೆ. ಮುಂದೆ ಒಂದು ಸುತ್ತು ಗೆದ್ದೊಡನೆ ಅವು ಲೆಕ್ಕಕ್ಕೆ ಸೇರುತ್ತವೆ. ಕೊನೆಯವರೆಗೂ ಗೆಲ್ಲದಿದ್ದರೆ ಇಲ್ಲವಾಗುತ್ತವೆ.

ಉತ್ತರ 2:
ನಿಯಮ ಸರಳ, ಹಕ್ಕು ಸಿಕ್ಕಿದಾಗ ಅದನ್ನು ಬಳಸಬೇಕೇ ಎಂಬುದೇ ಕಠಿಣ. ಬೇಗ ಘೋಷಿಸಿದರೆ ನಿಮ್ಮಲ್ಲಿ ಉಳಿದ ರಾಜನ ಸುಳಿವು ಎದುರಾಳಿಗೆ ಸಿಗುತ್ತದೆ, ಮತ್ತು ಇಳಿಸಿದ ರಾಣಿಯನ್ನು ಅವನು ಎಕ್ಕದಿಂದ ಹೊಡೆದರೆ ಒಮ್ಮೆಲೇ 14 ಅಂಕ ಅವನ ಪಾಲಾಗುತ್ತದೆ. ಆದರೆ ತಡೆದಿಟ್ಟುಕೊಳ್ಳುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಕಟ್ಟು 5 ಸುತ್ತುಗಳಲ್ಲಿ ಮುಗಿಯುತ್ತದೆ; ಆ ಬಳಿಕ ಇಳಿದ ಜಾತಿಯನ್ನೇ ಹಾಕಬೇಕು, ಸಾಧ್ಯವಿದ್ದರೆ ಗೆಲ್ಲಲೂ ಬೇಕು. ಆಗ ಎದುರಾಳಿ ಅದೇ ಜಾತಿಯ ಗುಲಾಮನನ್ನು ಇಳಿಸಿದರೂ ಸಾಕು, ಜೋಡಿ ಒಡೆಯುತ್ತದೆ. ಹಾಗಾಗಿ, ಮೊದಲ ಎಲೆ ಇಳಿಸುವ ಸರದಿಯನ್ನು ಮತ್ತೆ ಗಳಿಸಿಕೊಡಬಲ್ಲ ಎಲೆ ಕೈಯಲ್ಲಿಲ್ಲದಿದ್ದರೆ ಸಿಕ್ಕ ಮೊದಲ ಸರದಿಯಲ್ಲೇ ಘೋಷಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಈಗಾಗಲೇ 46 ಅಂಕ ಗಳಿಸಿದ್ದರಂತೂ ಯೋಚಿಸುವ ಅಗತ್ಯವೇ ಇಲ್ಲ: 20 ಎಂದೊಡನೆ ಗೆಲುವಿಗೆ ಬೇಕಾದ 66 ತುಂಬಿ, ಆ ಸುತ್ತಿನ ಫಲಕ್ಕೆ ಕಾಯದೆ ಆಟ ಮುಗಿಯುತ್ತದೆ.

ಉತ್ತರ 3:
ಬೆಲೋಟ್‌ನೊಡನೆ ಹೋಲಿಸಿದ್ದರಿಂದ ಒಂದು ಮಾತು. ಅಲ್ಲಿ ತುರುಫಿನ ರಾಜ–ರಾಣಿಯರಲ್ಲಿ ಮೊದಲನೆಯದನ್ನು ಹಾಕುವಾಗ ‘ಬೆಲೋಟ್’ ಎಂದೂ ಎರಡನೆಯದನ್ನು ಹಾಕುವಾಗ ‘ರೆಬೆಲೋಟ್’ ಎಂದೂ ಹೇಳಿದರೆ 20 ಅಂಕ. ಸುತ್ತನ್ನು ಆರಂಭಿಸಿದವರು ಯಾರೆಂಬುದು ಅಲ್ಲಿ ಗಣನೆಗೆ ಬರುವುದಿಲ್ಲ. ಅನುಕ್ರಮದ ಎಲೆಗಳ ಘೋಷಣೆಯಾದರೋ ಮೊದಲ ಸುತ್ತಿನಲ್ಲೇ ಆಗಬೇಕು. ಅವುಗಳನ್ನು ತೋರಿಸುವುದು ಎರಡನೆಯ ಸುತ್ತಿನಲ್ಲಿ. ಬೆಲೋಟ್‌ನಲ್ಲಿ 32 ಎಲೆಗಳೂ ಮೊದಲೇ ಹಂಚಿಹೋಗಿರುತ್ತವೆ. ಶ್ನಾಪ್ಸೆನ್‌ನಲ್ಲಿ ಕಟ್ಟಿನಿಂದ ಎಲೆ ಎತ್ತುತ್ತ ಹೋದಂತೆ ನಡುವೆಯೇ ಜೋಡಿ ಕೂಡಿಬರಬಹುದಾದ್ದರಿಂದ, ಅಲ್ಲಿ ಘೋಷಣೆಯನ್ನು ಮೊದಲ ಸುತ್ತಿಗೇ ಕಟ್ಟಿಹಾಕಲು ಬರುವುದಿಲ್ಲ.