ಸಹಾಯ ಬೇಕು: ಎರಡು ಸರ್ಕಾರಿ ಪ್ರೌಢಶಾಲೆಗಳ ವಿಲೀನ, ದಾಖಲೆಗಳ ಕ್ರಮ ಹೇಗೆ?

ನಮ್ಮ ತಾಲ್ಲೂಕಿನ ಎರಡು ಸರ್ಕಾರಿ ಪ್ರೌಢಶಾಲೆಗಳನ್ನು ಒಂದೇ ಆವರಣಕ್ಕೆ ತರುವ ಸಿದ್ಧತೆ ನಡೆದಿದೆ. ವಿಲೀನ ಮಾಡಿಸಿದ ಅನುಭವ ಇರುವ ಮುಖ್ಯಶಿಕ್ಷಕರು, ಕಚೇರಿ ಸಿಬ್ಬಂದಿ ದಯವಿಟ್ಟು ತಿಳಿಸಿ.

ಮೊದಲ ತೊಡಕು ಹತ್ತನೇ ತರಗತಿಯದು. ಒಂದು ಶಾಲೆಯಲ್ಲಿ ತೃತೀಯ ಭಾಷೆ ಹಿಂದಿ. ಇನ್ನೊಂದರಲ್ಲಿ ಅದರ ಬದಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿ ವಿಷಯ. ಒಂಬತ್ತನೇ ತರಗತಿಯಿಂದ ಓದಿಕೊಂಡು ಬಂದ ವಿಷಯವನ್ನು ಹತ್ತರಲ್ಲಿ ಬದಲಿಸಿದರೆ ಮಕ್ಕಳಿಗೆ ಅನ್ಯಾಯ. ಹಾಗಾಗಿ ಈಗಿನ ಹತ್ತನೇ ತರಗತಿಯವರು ಹಳೆಯ ಶಾಲಾ ಸಂಕೇತದಲ್ಲೇ ಪರೀಕ್ಷೆ ಬರೆದು, 8 ಮತ್ತು 9ನೇ ತರಗತಿ ಮಾತ್ರ ಮೊದಲು ಸೇರಲಿ ಎಂಬುದು ನಮ್ಮ ಅಭಿಪ್ರಾಯ. ಪರೀಕ್ಷಾ ಮಂಡಳಿಗೆ ಇದಕ್ಕೆ ಅರ್ಜಿ ಯಾರ ಮೂಲಕ ಹೋಗಬೇಕು?

ಎರಡನೆಯದು, ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ದಾಖಲಾತಿ, ಪ್ರಗತಿ ನಮೂದಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಪ್ರತಿ ಮಗುವಿಗೂ ವರ್ಗಾವಣೆ ಪತ್ರ ಕೊಟ್ಟು ಮತ್ತೆ ದಾಖಲಿಸಬೇಕೋ, ಒಟ್ಟಿಗೆ ವರ್ಗಾಯಿಸಲು ಬ್ಲಾಕ್ ಹಂತದಲ್ಲಿ ಅವಕಾಶ ಇದೆಯೋ? ಹೆಸರು, ಜನ್ಮದಿನಾಂಕ ಆಧಾರ್‌ಗೆ ತಾಳೆಯಾಗದವರನ್ನು ಮೊದಲೇ ಸರಿಪಡಿಸದಿದ್ದರೆ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಹಳೆಯ ಯು-ಡೈಸ್ ಸಂಕೇತ (ಪ್ರತಿ ಶಾಲೆಗೂ ಇರುವ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆ) ಮುಚ್ಚುವ ಮುನ್ನ ಬಾಕಿ ಅನುದಾನದ ಖರ್ಚು ಪತ್ರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬ್ಯಾಂಕ್ ಖಾತೆ, ಅಕ್ಷರ ದಾಸೋಹದ (ಮಧ್ಯಾಹ್ನದ ಬಿಸಿಯೂಟ) ಅಕ್ಕಿ-ಬೇಳೆ ದಾಸ್ತಾನು ಎಲ್ಲ ಚುಕ್ತಾ ಆಗಬೇಕಲ್ಲವೇ?

ದಾಖಲಾತಿ ಪುಸ್ತಕಗಳ ಚಿಂತೆಯೇ ದೊಡ್ಡದು. ರಟ್ಟು ಕಿತ್ತು, ಅಂಚು ಗೆದ್ದಲು ತಿಂದ ಸಂಪುಟಗಳಿವೆ. ಮೂವತ್ತು ವರ್ಷದ ಹಿಂದೆ ಓದಿದವರೂ ಜನ್ಮದಿನಾಂಕ, ಜಾತಿ ದೃಢೀಕರಣಕ್ಕೆ ಬರುತ್ತಾರೆ. ಪುಟಸಂಖ್ಯೆ ಹಾಕಿ, ಇಬ್ಬರೂ ಮುಖ್ಯಶಿಕ್ಷಕರು ಸಹಿ ಮಾಡಿದ ಹಸ್ತಾಂತರ ಪಟ್ಟಿಯ ಮಾದರಿ ಇದ್ದರೆ ಹಂಚಿಕೊಳ್ಳಿ.

ದೂರದ ಹಳ್ಳಿಯ ಹೆಣ್ಣುಮಕ್ಕಳು ಶಾಲೆ ಬಿಡದಂತೆ ಬೆಳಗಿನ ಬಸ್ಸಿನ ಸಮಯ ಬದಲಿಸಿಕೊಂಡವರಿದ್ದರೆ, ಸಾರಿಗೆ ಘಟಕಕ್ಕೆ ಕೊಟ್ಟ ಮನವಿಯ ಪ್ರತಿಯೂ ಬೇಕು.